ನಕ್ಷೆ ಎಲ್ಲರದು, ಅಂಗಡಿ ನನ್ನದು: ಮುಕ್ತ ಹಾರ್ಡ್‌ವೇರ್ ಮಾರಿ ಬದುಕುವ ಬಗೆ

ಶಿಡ್ಲಘಟ್ಟದಲ್ಲಿ ನಾನು ತಯಾರಿಸಿ ಮಾರುವ ಹುಳುಮನೆ ಮಾಪಕದ (ರೇಷ್ಮೆಹುಳು ಸಾಕುವ ಕೋಣೆಯ ಉಷ್ಣಾಂಶ, ತೇವಾಂಶ ಅಳೆಯುವ ಪೆಟ್ಟಿಗೆ) ಸರ್ಕ್ಯೂಟ್ ನಕ್ಷೆ, ಬೋರ್ಡಿನ ಫೈಲುಗಳು, ಬಿಡಿಭಾಗಗಳ ಪಟ್ಟಿ, ಒಳಗೆ ಓಡುವ ಪ್ರೋಗ್ರಾಂ ಎಲ್ಲವನ್ನೂ ಯಾರು ಬೇಕಾದರೂ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬಹುದು. ತಾವೇ ಮಾಡಿಕೊಳ್ಳಬಹುದು, ತಿದ್ದಬಹುದು, ಮಾಡಿ ಮಾರಲೂಬಹುದು. ನನಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಮುಕ್ತ ಹಾರ್ಡ್‌ವೇರ್ ಎಂದರೆ ಇದೇ. ಇದನ್ನು ಹೇಳಿದಾಗಲೆಲ್ಲ ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕೇಳುವುದು ಒಂದೇ: "ಹಾಗಾದರೆ ನಿಮಗೇನು ಉಳಿಯುತ್ತದೆ ಮೇಡಂ?"

ಉಳಿಯುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಅಂಗಡಿಯ ಬಾಡಿಗೆ, ಒಬ್ಬ ಸಹಾಯಕನ ಸಂಬಳ, ನನ್ನ ಮನೆಯ ಖರ್ಚು ಹೊರಡುತ್ತದೆ. ಜನ ದುಡ್ಡು ಕೊಡುವುದು ಸರಿಯಾಗಿ ಅಳೆಯುವ ವಸ್ತುವಿಗೆ, ಅದು ಕೆಟ್ಟುಹೋದ ದಿನವೇ ಬಂದು ನೋಡುವ ಕೈಗೆ, ಗುರುತಿರುವ ಹೆಸರಿಗೆ. ಈ ಮೂರನ್ನೂ ಫೈಲಿನ ಜೊತೆ ಯಾರೂ ಇಳಿಸಿಕೊಳ್ಳಲಾರರು. ಹಾಗಾಗಿ ನಿಮ್ಮ ದುಡಿಮೆಯನ್ನೆಲ್ಲ ಈ ಮೂರರ ಮೇಲೆ ಹೇಗೆ ಹೂಡಬೇಕು ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ವಸ್ತು

ನಾಡಿಗೆಲ್ಲ ಬೇಕಾಗುವ ವಸ್ತುವನ್ನು ಆರಿಸಿಕೊಳ್ಳಬೇಡಿ. ಕಾರ್ಖಾನೆ ಇರುವವರು ಅದನ್ನು ನಿಮ್ಮ ಅರ್ಧ ಬೆಲೆಗೆ ಮಾಡುತ್ತಾರೆ. ನಿಮ್ಮ ಬಸ್ಸು ಹೋಗುವಷ್ಟು ದೂರದಲ್ಲಿರುವ ಜನರಿಗೆ ಮಾತ್ರ ಬೇಕಾದ, ಆದರೆ ಅವರಿಗೆ ನಿಜವಾಗಿ ಬೇಕಾದ ವಸ್ತುವನ್ನು ಹುಡುಕಿ.

ನಮ್ಮ ಕಡೆ ಅದು ರೇಷ್ಮೆ. ಹುಳು ಚಿಕ್ಕದಿದ್ದಾಗ ಕೋಣೆ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ತೇವಾಂಶ ಶೇ 85ರಿಂದ 90ರಷ್ಟು ಇರಬೇಕು. ಜ್ವರದಿಂದ ಜ್ವರಕ್ಕೆ, ಅಂದರೆ ಹುಳು ಪೊರೆ ಬಿಡುವ ಪ್ರತಿ ಸಲಕ್ಕೆ, ಎರಡನ್ನೂ ಇಳಿಸುತ್ತ ಬಂದು, ಐದನೇ ಹಂತದಲ್ಲಿ 24 ಡಿಗ್ರಿ, ಶೇ 65ರಿಂದ 70 ತೇವಾಂಶಕ್ಕೆ ತಂದು ನಿಲ್ಲಿಸಬೇಕು. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಬೇಕು. ಇದು ತಪ್ಪಿದರೆ ಸಪ್ಪೆ ರೋಗ, ಸುಣ್ಣಕಟ್ಟು ರೋಗಗಳಿಗೆ ದಾರಿಯಾಗುತ್ತದೆ.

ಆನ್‌ಲೈನ್‌ನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಗಡಿಯಾರವೂ ಸೇರಿರುವ ತೇವಾಂಶ ಮಾಪಕ ಸಿಗುತ್ತದೆ. ಎಷ್ಟೋ ಹುಳುಮನೆಗಳ ಗೋಡೆಯ ಮೇಲೆ ಅದೇ ಇದೆ, ಮತ್ತು ಅಷ್ಟು ಸಾಕು ಎನ್ನುವ ರೈತರಿಗೆ ನಾನೂ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ನನ್ನ ಮಾಪಕ ಕೊಳ್ಳುವವರು ಬೇರೆಯವರು: ಊರಿನ ಹತ್ತಾರು ರೈತರಿಗೆ ಎಳೆಯ ಹುಳು ಸಾಕಿಕೊಡುವ ಚಾಕಿ ಕೇಂದ್ರದವರು, ದ್ವಿತಳಿ ಹುಳು ಸಾಕುವ ದೊಡ್ಡ ರೈತರು. ಅವರಿಗೆ ಬೇಕಾಗಿದ್ದು ಮೂರು ಸಂಗತಿ. ಹುಳು ಯಾವ ಹಂತದಲ್ಲಿದೆ ಎಂದು ಗುಂಡಿ ತಿರುಗಿಸಿ ಹೇಳಿದರೆ ಆ ಹಂತದ ಮಿತಿ ತಾನೇ ಹೊಂದಿಕೊಳ್ಳಬೇಕು. ಮೇಲಿನ ಅಟ್ಟಕ್ಕೂ ಕೆಳಗಿನ ಅಟ್ಟಕ್ಕೂ ಬೇರೆ ಬೇರೆ ಸಂವೇದಕ ಇರಬೇಕು. ಮಿತಿ ಮೀರಿದರೆ ಸದ್ದು ಹುಳುಮನೆಯಲ್ಲಲ್ಲ, ಮಲಗುವ ಕೋಣೆಯಲ್ಲಿ ಆಗಬೇಕು. ಈ ಮೂರನ್ನು ಯಾವ ದೊಡ್ಡ ಕಂಪನಿಯೂ ಮಾಡಿಕೊಡುವುದಿಲ್ಲ, ಏಕೆಂದರೆ ಕೊಳ್ಳುವವರ ಸಂಖ್ಯೆ ಅವರಿಗೆ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ನನಗೆ ಅದು ಸಾಕಷ್ಟು ದೊಡ್ಡದು. ನಿಮ್ಮ ಊರು ಚಿಂತಾಮಣಿಯಾದರೆ ಟೊಮೆಟೊ ಸಸಿಯ ನರ್ಸರಿ ಇರಬಹುದು, ತಿಪಟೂರಾದರೆ ಕೊಬ್ಬರಿಯ ಅಟ್ಟ ಇರಬಹುದು. ಹುಡುಕಬೇಕಾದ ರೀತಿ ಅದೇ.

ಮೊದಲ ವಸ್ತುವಿನಲ್ಲಿ ಮೂರು ಗೊಡವೆಗಳಿಗೆ ಹೋಗಬೇಡಿ. ಒಂದು, ತೂಕದ ಯಂತ್ರ. ಗೂಡು ತೂಕದ ಮೇಲೆ ಮಾರಾಟವಾಗುವ ಊರಿನಲ್ಲಿ "ಒಂದು ತಕ್ಕಡಿ ಮಾಡಿಕೊಡಿ" ಎಂದು ಕೇಳದವರೇ ಇಲ್ಲ. ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರಕ್ಕೆ 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ಮಾದರಿ ಅನುಮೋದನೆ ಬೇಕು, ತಯಾರಕನ ಪರವಾನಗಿಯೂ ಬೇಕು. ಎರಡು, 230 ವೋಲ್ಟ್ ಮುಟ್ಟುವ ಸರ್ಕ್ಯೂಟ್. ಹೀಟರನ್ನೋ ತೇವಕ್ಕಾಗಿ ಮಂಜು ಹಾಯಿಸುವ ಫಾಗರನ್ನೋ ತಾನೇ ಚಾಲೂ ಮಾಡುವ ಪೆಟ್ಟಿಗೆ ಚೆನ್ನಾಗಿ ಮಾರಾಟವಾಗುತ್ತದೆ, ನಿಜ. ಒದ್ದೆ ನೆಲದ ಹುಳುಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ನಕ್ಷೆ ಮುಕ್ತವಾಗಿತ್ತು ಎಂಬ ಮಾತು ನಿಮ್ಮನ್ನು ಕಾಪಾಡುವುದಿಲ್ಲ. 5 ವೋಲ್ಟಿನಲ್ಲೇ ಇರಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಇರುವ ಚಾರ್ಜರನ್ನು ಗ್ರಾಹಕರೇ ಬಳಸಲಿ. ಮೂರು, ರೇಡಿಯೊ. ವೈ-ಫೈ, ಬ್ಲೂಟೂತ್, ಲೋರಾ ಯಾವುದನ್ನು ಸೇರಿಸಿದರೂ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಎಂಬ ಅನುಮೋದನೆ ಎದುರಾಗುತ್ತದೆ. ತರಂಗಪಟ್ಟಿಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಉಪಕರಣಕ್ಕೆ ಅನುಮೋದನೆ ಬೇಡ ಎಂದಲ್ಲ. ಮಲಗುವ ಕೋಣೆಯ ಬಜರ್‌ಗೆ ನಾನು ಎಳೆದಿರುವುದು ಸಾದಾ ತಂತಿ. ಮೊಬೈಲಿಗೆ ಸಂದೇಶ ಬರುವುದಿಲ್ಲವೇ ಎಂದು ಕೇಳುತ್ತಾರೆ. ಬರುವುದಿಲ್ಲ.

ಬಿಟ್ಟುಕೊಡುವುದು ಎಂದರೆ ಏನನ್ನು

ಅಪ್ಪ ಇದೇ ಅಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಹಳೆಯ ವಾಲ್ವ್ ರೇಡಿಯೊಗಳ ಹಿಂಬದಿಯ ರಟ್ಟಿನ ಒಳಗೆ ಸರ್ಕ್ಯೂಟ್ ನಕ್ಷೆ ಅಂಟಿಸಿರುತ್ತಿದ್ದರು. ನಕ್ಷೆ ಕೊಟ್ಟದ್ದರಿಂದ ರೇಡಿಯೊ ಕಂಪನಿಗಳು ಮುಳುಗಲಿಲ್ಲ. ಊರೂರಿನಲ್ಲಿ ರಿಪೇರಿಯವನು ಸಿಗುತ್ತಾನೆ ಎಂಬ ಧೈರ್ಯಕ್ಕೇ ಜನ ರೇಡಿಯೊ ಕೊಂಡರು. ಆದರೆ ಮುಕ್ತ ಹಾರ್ಡ್‌ವೇರ್ ಎಂದು ಕರೆಸಿಕೊಳ್ಳಲು ಒಂದು ಕಾಗದ ಅಂಟಿಸಿದರೆ ಸಾಲದು.

ಬೇರೆಯವರು ತೆರೆದು ತಿದ್ದಬಲ್ಲ ಮೂಲ ಫೈಲುಗಳನ್ನೇ ಕೊಡಬೇಕು. ಪಿಡಿಎಫ್ ಚಿತ್ರ ಮಾತ್ರ ಕೊಟ್ಟು "ನಮ್ಮದು ಮುಕ್ತ" ಎನ್ನುವವರು ಬಹಳ ಮಂದಿ ಇದ್ದಾರೆ, ಅವರನ್ನು ನಂಬಬೇಡಿ. ಬೋರ್ಡನ್ನು ಕೈಕ್ಯಾಡ್ (KiCad) ತಂತ್ರಾಂಶದಲ್ಲಿ ಬಿಡಿಸಿ. ಅದು ಉಚಿತ, 1992ರಲ್ಲಿ ಫ್ರಾನ್ಸಿನ ಒಬ್ಬ ಅಧ್ಯಾಪಕರು ಶುರು ಮಾಡಿದ ತಂತ್ರಾಂಶ, ಆಮೇಲೆ ಸರ್ನ್ ಪ್ರಯೋಗಾಲಯದ ಎಂಜಿನಿಯರುಗಳೂ ಅದಕ್ಕೆ ಕೈಜೋಡಿಸಿದರು. ನಿಮ್ಮ ಫೈಲನ್ನು ತೆರೆಯಲು ಬೇರೆಯವರು ಲಕ್ಷ ರೂಪಾಯಿಯ ತಂತ್ರಾಂಶ ಕೊಳ್ಳಬೇಕಾದರೆ ಅದು ಬೀಗ ಹಾಕಿದಂತೆಯೇ. ಬಿಡಿಭಾಗಗಳ ಪಟ್ಟಿ, ಪೆಟ್ಟಿಗೆಯ ಅಳತೆ, ಪ್ರೋಗ್ರಾಂ, ಜೋಡಿಸುವ ಕ್ರಮ ಇವೂ ಸೇರಬೇಕು. ಕ್ರಮವನ್ನು ಕನ್ನಡದಲ್ಲೂ ಬರೆಯಿರಿ. ಯಾವ ಸಾಮಾನನ್ನು ಯಾವ ಅಂಗಡಿಯಿಂದ ಯಾವ ದರಕ್ಕೆ ತಂದಿರಿ, ನಿಮ್ಮ ಗ್ರಾಹಕರು ಯಾರು ಎಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ.

ಪರವಾನಗಿಯ ವಿಷಯದಲ್ಲಿ ಮೊದಲು ಮನಸ್ಸಿಗೆ ಬರುವ ಉಪಾಯ "ಯಾರು ಬೇಕಾದರೂ ಮಾಡಿಕೊಳ್ಳಿ, ಮಾರಬೇಡಿ" ಎಂದು ಷರತ್ತು ಹಾಕುವುದು. ಹಾಕಬಹುದು, ತಪ್ಪೇನಿಲ್ಲ, ಆದರೆ ಅದನ್ನು ಮುಕ್ತ ಹಾರ್ಡ್‌ವೇರ್ ಎನ್ನುವಂತಿಲ್ಲ. 2011ರಲ್ಲಿ ಒಪ್ಪಿತವಾದ ವ್ಯಾಖ್ಯಾನದ ಪ್ರಕಾರ ವ್ಯಾಪಾರಕ್ಕೂ ಅನುಮತಿ ಇರಲೇಬೇಕು. ಸರ್ನ್‌ನ ಮುಕ್ತ ಹಾರ್ಡ್‌ವೇರ್ ಪರವಾನಗಿಯ 2020ರ ಎರಡನೇ ಆವೃತ್ತಿಯಲ್ಲಿ ಮೂರು ಬಗೆ ಇವೆ: ಎಸ್, ಡಬ್ಲ್ಯು, ಪಿ. ಪಿ ಹಾಕಿದ ಫೈಲು ತೆಗೆದುಕೊಂಡವರು ನಿಮ್ಮ ಹೆಸರಿನ ಒಕ್ಕಣೆಯನ್ನು ಉಳಿಸಿಕೊಂಡರೆ ಸಾಕು. ಎಸ್ ಹಾಕಿದ ಫೈಲು ತೆಗೆದುಕೊಂಡವರು ತಿದ್ದಿ ಮಾರಿದರೆ ತಿದ್ದಿದ ಫೈಲುಗಳನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ಡಬ್ಲ್ಯು ಇವೆರಡರ ನಡುವಿನದು. ಸಣ್ಣ ಅಂಗಡಿಯವರು ಬೋರ್ಡಿಗೆ ಎಸ್, ಪ್ರೋಗ್ರಾಮಿಗೆ ಅಂಥದೇ ಷರತ್ತಿನ ಜಿಪಿಎಲ್ ಎಂಬ ತಂತ್ರಾಂಶ ಪರವಾನಗಿ ಹಾಕಿಕೊಳ್ಳುವುದು ಮೇಲು. ಇನ್ನೊಬ್ಬರು ನಿಮ್ಮದನ್ನು ಸುಧಾರಿಸಿ ಮಾರಿದರೆ ಸುಧಾರಣೆ ನಿಮಗೂ ಬರುತ್ತದೆ.

ಈ ಪರವಾನಗಿಯ ಹಿಡಿತ ಎಷ್ಟು ಎಂಬುದನ್ನೂ ತಿಳಿದಿರಿ. ಕೃತಿಸ್ವಾಮ್ಯ ಇರುವುದು ನೀವು ಬಿಡಿಸಿದ ಫೈಲಿಗೆ, ಬರೆದ ಪ್ರೋಗ್ರಾಮಿಗೆ. ಸರ್ಕ್ಯೂಟ್ ಕೆಲಸ ಮಾಡುವ ಬಗೆಗೆ ಇಲ್ಲ. ಯಾರಾದರೂ ಅದನ್ನು ಅರ್ಥ ಮಾಡಿಕೊಂಡು ಮೊದಲಿನಿಂದ ತಾವೇ ಬಿಡಿಸಿದರೆ ಏನೂ ಮಾಡಲಾಗದು. ಪೆಟ್ಟಿಗೆಯ ಆಕಾರದ ಕಥೆ ಇನ್ನೂ ವಿಚಿತ್ರ: ನೋಂದಾಯಿಸಬಹುದಾದ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸದೆ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನಂತೆ ಆ ವಿನ್ಯಾಸದ ಕೃತಿಸ್ವಾಮ್ಯವೇ ಮುಗಿಯುತ್ತದೆ. ಪೇಟೆಂಟ್ ಬೇಕೆನ್ನುವವರು ಪ್ರಕಟಿಸುವ ಮೊದಲೇ ಅರ್ಜಿ ಹಾಕಬೇಕು, ಪ್ರಕಟಿಸಿದ ಮೇಲೆ ಹೊಸತನ ಹೋಯಿತು. ಹುಳುಮನೆ ಮಾಪಕಕ್ಕೆ ಪೇಟೆಂಟಿನ ಖರ್ಚು ಹಾಕುವುದು ಅವಿವೇಕ ಎಂಬುದು ನನ್ನ ಅಭಿಪ್ರಾಯ. ಪ್ರಕಟಿಸಿದ್ದರಿಂದ ಒಂದು ಲಾಭವಂತೂ ಇದೆ: ನಾಳೆ ಬೇರೆಯವರು ಅದಕ್ಕೇ ಪೇಟೆಂಟ್ ಕೇಳಿದರೆ ನಿಮ್ಮ ಪ್ರಕಟಣೆಯೇ ತಕರಾರಿಗೆ ಸಾಕ್ಷಿ.

ದೊಡ್ಡವರಿಗೆ ದುಡ್ಡು ಎಲ್ಲಿಂದ ಬಂತು

ಪ್ರೋಗ್ರಾಂ ತುಂಬಿ ಬಳಸುವ ಪುಟ್ಟ ಬೋರ್ಡು ಆರ್ಡ್ವಿನೊ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿತು. ಬೋರ್ಡಿನ ಫೈಲುಗಳು ಎಲ್ಲರಿಗೂ ಸಿಗುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತದ್ರೂಪು ಬೋರ್ಡುಗಳು ರಾಶಿ ಬಿದ್ದಿವೆ. ಅವರು ಬಿಟ್ಟುಕೊಡದೆ ಇಟ್ಟುಕೊಂಡದ್ದು ಹೆಸರನ್ನು. ಹೆಸರಿಗೆ ಎಷ್ಟು ಬೆಲೆ ಎಂದರೆ ಸ್ಥಾಪಕರೇ ಅದಕ್ಕಾಗಿ ತಮ್ಮತಮ್ಮಲ್ಲಿ ವ್ಯಾಜ್ಯವಾಡಿದರು. 2025ರ ಅಕ್ಟೋಬರ್‌ನಲ್ಲಿ ಚಿಪ್ ತಯಾರಕ ಕ್ವಾಲ್‌ಕಾಮ್ ಆ ಕಂಪನಿಯನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಅಮೆರಿಕದಲ್ಲಿ 2003ರಲ್ಲಿ ಶುರುವಾದ ಸ್ಪಾರ್ಕ್‌ಫನ್, 2005ರಲ್ಲಿ ಶುರುವಾದ ಆಡಾಫ್ರೂಟ್ ಎರಡೂ ಬೋರ್ಡಿನ ಜೊತೆಗೆ ಪಾಠವನ್ನೂ ಕೊಟ್ಟು ಬೆಳೆದವು. ಕೊಂಡವನಿಗೆ ಅದನ್ನು ಬಳಸಲು ಬರಬೇಕು ಎಂಬುದೇ ಅವರ ವ್ಯಾಪಾರದ ಗುಟ್ಟು.

3ಡಿ ಪ್ರಿಂಟರುಗಳ ಕಥೆ ಅಷ್ಟು ಸುಖದ್ದಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲಿ ಆರಂಭಿಸಿದ, ಪ್ರಿಂಟರಿನ ನಕ್ಷೆಯನ್ನು ಮುಕ್ತವಾಗಿಟ್ಟ ರೆಪ್‌ರ್ಯಾಪ್ ಯೋಜನೆಯ ಮೇಲೆ ನಿಂತು ಮೇಕರ್‌ಬಾಟ್ ಕಂಪನಿ 2009ರಲ್ಲಿ ಹುಟ್ಟಿತು, 2012ರಲ್ಲಿ ಹೊಸ ಪ್ರಿಂಟರಿನ ಫೈಲುಗಳನ್ನು ಕೊಡದೆ ಮುಚ್ಚಿಟ್ಟುಕೊಂಡಿತು, ಮರುವರ್ಷ ಸ್ಟ್ರಾಟಾಸಿಸ್ ಪಾಲಾಯಿತು. ಅದೇ ಬೇರಿನಿಂದ ಬಂದ ಪ್ರಾಗ್ ನಗರದ ಪ್ರುಶಾ ಬಹುಕಾಲ ಎಲ್ಲವನ್ನೂ ತೆರೆದಿಟ್ಟು ದೊಡ್ಡ ಕಾರ್ಖಾನೆಯನ್ನೇ ಕಟ್ಟಿದರು. ಆದರೆ 2023ರ ಹೊತ್ತಿಗೆ ಅವರೂ, ಅಗ್ಗದ ಪೈಪೋಟಿ ಮತ್ತು ಪೇಟೆಂಟ್‌ಗಳ ಕಾಟದ ನಡುವೆ ಎಲ್ಲ ಫೈಲುಗಳನ್ನೂ ಮೊದಲಿನಂತೆ ಕೊಡುವುದು ಕಷ್ಟವಾಗಿದೆ ಎಂದು ಹೇಳುವಂತಾಯಿತು. ಇದರಿಂದ ನಾನು ತಿಳಿದದ್ದು ಇಷ್ಟು: ಲಕ್ಷಗಟ್ಟಲೆ ಮಾರಾಟವಾಗುವ ವಸ್ತುವಿನಲ್ಲಿ ನಕಲು ನಿಜವಾದ ಅಪಾಯ. ತಾಲ್ಲೂಕಿನ ವಸ್ತುವಿನಲ್ಲಿ ಅದು ಅಷ್ಟಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಎಕ್ಸ್‌ಪೈಸ್ (ExpEYES) ನೋಡಿ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಫೀನಿಕ್ಸ್ ಯೋಜನೆಯಲ್ಲಿ ರೂಪಗೊಂಡ, ಕಾಲೇಜು ಭೌತಶಾಸ್ತ್ರ ಪ್ರಯೋಗಕ್ಕೆ ಬಳಸುವ ಪೆಟ್ಟಿಗೆ ಅದು. ವಿನ್ಯಾಸ ಸರ್ಕಾರಿ ಸಂಸ್ಥೆಯದು, ಮುಕ್ತ. ತಯಾರಿಸಿ ಮಾರುವವರು ಖಾಸಗಿಯವರು.

ಉಪ್ಪಿನ ಡಬ್ಬಿ: ನೀವು ನಿಜವಾಗಿ ಮಾರುವುದು ಇದನ್ನು

ನನ್ನ ನಕ್ಷೆಯನ್ನು ಇಳಿಸಿಕೊಂಡು ಮಾಪಕ ಮಾಡಿದ ಹುಡುಗರು ಇದ್ದಾರೆ. ಹೆಚ್ಚಿನವರು ಮಾಡುವ ಮೊದಲ ಕೆಲಸ ನಾನೂರು ರೂಪಾಯಿಯ ಎಸ್‌ಎಚ್‌ಟಿ31 ಸಂವೇದಕದ ಬದಲು ನೂರು ರೂಪಾಯಿಯ ಡಿಎಚ್‌ಟಿ11 ಹಾಕುವುದು. ಮೊದಲನೆಯದರ ತಪ್ಪು ಶೇ 2ರ ಆಸುಪಾಸು, ಎರಡನೆಯದರದು ಶೇ 5. ಉಷ್ಣಾಂಶದಲ್ಲಿ 2 ಡಿಗ್ರಿಯವರೆಗೆ ತಪ್ಪಬಹುದು. 24ಕ್ಕೂ 26ಕ್ಕೂ ಇರುವ ವ್ಯತ್ಯಾಸ ಹುಳುವಿಗೆ ಎರಡು ಹಂತಗಳ ವ್ಯತ್ಯಾಸ. ಇನ್ನು ಒಳ್ಳೆಯ ಸಂವೇದಕದ ಹೆಸರಿನಲ್ಲಿ ನಕಲಿಯೂ ಬರುತ್ತದೆ. ಹಾಗಾಗಿ ಪ್ರತಿಯೊಂದನ್ನೂ ಪರೀಕ್ಷಿಸಿಯೇ ಪೆಟ್ಟಿಗೆಗೆ ಹಾಕಬೇಕು. ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು.

ಗಾಳಿಯಾಡದ ಮುಚ್ಚಳವಿರುವ ಡಬ್ಬಿ ತೆಗೆದುಕೊಳ್ಳಿ. ಸಣ್ಣ ಬಟ್ಟಲಿನಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹದ ಬರುವಷ್ಟು ಮಾತ್ರ ನೀರು ಬೆರೆಸಿ. ಕರಗದ ಉಪ್ಪು ಕಣ್ಣಿಗೆ ಕಾಣುತ್ತಿರಬೇಕು. ಪೂರ್ತಿ ಕರಗಿ ನೀರಾದರೆ ಪರೀಕ್ಷೆ ಕೆಟ್ಟಿತು. ಬಟ್ಟಲನ್ನು ಡಬ್ಬಿಯೊಳಗೆ ಇಟ್ಟು, ಸಂವೇದಕವನ್ನು ಉಪ್ಪಿಗೆ ತಾಗದಂತೆ ಮೇಲೆ ತೂಗುಬಿಡಿ. ತಂತಿ ಹೊರಬರುವ ತೂತನ್ನು ಮೇಣದಿಂದ ಮುಚ್ಚಿ. ಬಿಸಿಲು, ಫ್ಯಾನು ಎರಡೂ ತಾಗದ ಕಡೆ ಒಂದು ರಾತ್ರಿ ಬಿಡಿ. ಕರಗದ ಉಪ್ಪು ಉಳಿದಿರುವ ಉಪ್ಪುನೀರಿನ ಮೇಲಿನ ಗಾಳಿಯಲ್ಲಿ ತೇವಾಂಶ, ನಮ್ಮ ಕೋಣೆಗಳ ಉಷ್ಣಾಂಶದಲ್ಲಿ, ಶೇ 75ರಲ್ಲಿ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಸರಿಯಾಗಿ 75.3. ಹುಳುವಿಗೆ ಬೇಕಾದ ಮಿತಿಗಳ ನಡುವೆಯೇ ಈ ಅಂಕಿ ಬೀಳುವುದು ನಮ್ಮ ಪುಣ್ಯ.

ಬೆಳಿಗ್ಗೆ ಓದಿ. 72ರಿಂದ 78ರೊಳಗೆ ಇದ್ದರೆ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಸರಿಪಡಿಸಿ. ಅದರಾಚೆ ಹೋದರೆ ಆ ಸಂವೇದಕವನ್ನು ಬಳಸಬೇಡಿ, ಅಂಗಡಿಗೆ ಹಿಂದಿರುಗಿಸಿ. ಪೆಟ್ಟಿಗೆಯ ಹಿಂದೆ ಒಂದು ಚೀಟಿ ಅಂಟಿಸಿ: ಪರೀಕ್ಷೆಯ ದಿನಾಂಕ, ಬಂದ ಅಂಕಿ, ಮಾಡಿದವರ ಸಹಿ. ಈ ವಿಧಾನವನ್ನೂ ನಾನು ಫೈಲುಗಳ ಜೊತೆಗೇ ಪ್ರಕಟಿಸಿದ್ದೇನೆ. ಯಾರು ಬೇಕಾದರೂ ಮಾಡಬಹುದು. ನಕಲು ಮಾರುವವರು ಮಾಡುವುದಿಲ್ಲ, ಏಕೆಂದರೆ ಒಂದು ರಾತ್ರಿ ಕಾಯಬೇಕು, ಕೆಲವನ್ನು ಎತ್ತಿಡಬೇಕು. ಚಾಕಿ ಕೇಂದ್ರದವರು ಕೊಳ್ಳುವಾಗ ತಿರುಗಿಸಿ ನೋಡುವುದು ಆ ಚೀಟಿಯನ್ನೇ.

ಬೆಲೆ ಕಟ್ಟುವುದು

ಇಲ್ಲಿ ನಾಚಿಕೆ ಬಿಡಬೇಕು. ನಕ್ಷೆ ಮುಕ್ತವಾದ ಮೇಲೆ ಸಾಮಾನಿನ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ, ಆಗ ಅದಕ್ಕಿಂತ ಹೆಚ್ಚು ಕೇಳಲು ಬಾಯಿ ಬರುವುದಿಲ್ಲ. ಹಲವು ಹುಡುಗರು ಸಾಮಾನಿನ ಮೇಲೆ ಇನ್ನೂರು ರೂಪಾಯಿ ಇಟ್ಟು ಮಾರಿ, ಆರು ತಿಂಗಳಲ್ಲಿ ಬೇಸರವಾಗಿ ಬಿಟ್ಟುಬಿಡುತ್ತಾರೆ. ಅವರಿಂದ ಕೊಂಡ ರೈತನಿಗೆ ರಿಪೇರಿಗೂ ಯಾರೂ ಇಲ್ಲ.

ಒಂದೇ ಸಂವೇದಕದ ಸಣ್ಣ ಮಾದರಿಯ ಲೆಕ್ಕವನ್ನು ಕೊಡುತ್ತೇನೆ. ಬಿಡಿಯಾಗಿ ಕೊಂಡರೆ ಸಂವೇದಕ 420, ಪ್ರೋಗ್ರಾಂ ಓಡಿಸುವ ಅಟ್‌ಮೆಗಾ328ಪಿ ಚಿಪ್ 220, ಪುಟ್ಟ ಪರದೆ 210, ಬೋರ್ಡ್ ಮತ್ತು ಸಣ್ಣಪುಟ್ಟ ಭಾಗಗಳು 130, ಪೆಟ್ಟಿಗೆ, ತಂತಿ, ಬಜರ್ 190. ಒಟ್ಟು 1,170 ರೂಪಾಯಿ ಸಾಮಾನು. ಬೆಸುಗೆ, ಪ್ರೋಗ್ರಾಂ ತುಂಬುವುದು, ಪರೀಕ್ಷೆ ಸೇರಿ ಎರಡು ಗಂಟೆ ಕೆಲಸ. ಗಂಟೆಗೆ 150ರಂತೆ 300. ಹಾಳಾಗುವ ಸಾಮಾನಿಗೆ 60. ವಾರಂಟಿಯಲ್ಲಿ ವಾಪಸ್ ಬರುವವುಗಳಿಗಾಗಿ ಎತ್ತಿಡುವುದು 120. ಬಾಡಿಗೆ, ವಿದ್ಯುತ್ತು, ಬೆಂಗಳೂರಿಗೆ ಹೋಗಿಬರುವ ಖರ್ಚಿನ ಪಾಲು 150. ಅಲ್ಲಿಗೆ 1,800. ಇದು ಅಸಲು. 1,170ನ್ನು ಅಸಲು ಎಂದುಕೊಂಡವರು ತಮ್ಮ ದುಡಿಮೆಯನ್ನೇ ಉಡುಗೊರೆ ಕೊಡುತ್ತಿದ್ದಾರೆ.

ಮಾರುವ ಬೆಲೆ 2,900. ಸಾಮಾನಿನ ಸುಮಾರು ಎರಡೂವರೆ ಪಟ್ಟು. ದುಬಾರಿ ಅನ್ನಿಸುತ್ತದೆಯೇ? ರೇಷ್ಮೆ ಸಾಮಗ್ರಿಯ ಅಂಗಡಿಯವರು ಹುಳು ಗೂಡು ಕಟ್ಟುವ ಚಂದ್ರಿಕೆ, ಬಲೆ, ಸುಣ್ಣದ ಪಕ್ಕದಲ್ಲಿ ನಿಮ್ಮ ಪೆಟ್ಟಿಗೆಯನ್ನೂ ಇಡಬೇಕಾದರೆ ನಾಲ್ಕರಲ್ಲಿ ಒಂದು ಪಾಲು ಕೇಳುತ್ತಾರೆ; 725 ಹೋಯಿತು. ಉಳಿದದ್ದು 2,175, ಅಸಲು ಕಳೆದರೆ ಕೈಗೆ 375. ಮೊದಲೇ 2,200ಕ್ಕೆ ಬೆಲೆ ಕಟ್ಟಿದವರು ಅಂಗಡಿಯ ಮೂಲಕ ಮಾರಿದಾಗಲೆಲ್ಲ ಕೈಯಿಂದ ಹಾಕುತ್ತಾರೆ. ಬೆಲೆಯನ್ನು ಆಮೇಲೆ ಏರಿಸುವುದು ಬಹಳ ಕಷ್ಟ, ಅದರಲ್ಲೂ ಒಂದೇ ಗೂಡಿನ ಮಾರುಕಟ್ಟೆಗೆ ಬರುವ ಜನರ ನಡುವೆ.

ಬಿಡಿಭಾಗಗಳನ್ನು ಕಿಟ್ ಮಾಡಿ ಮಾರುವುದನ್ನು ಎಲ್ಲರೂ ಸಲಹೆ ಕೊಡುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಸಾವಿರದ ಐನೂರು ರೂಪಾಯಿಯ ಕಿಟ್ ಕೊಂಡ ವಿದ್ಯಾರ್ಥಿ, ಡಯೋಡನ್ನು ತಿರುಗಾ ಹಾಕಿಕೊಂಡು, ಪರೀಕ್ಷೆಯ ಹಿಂದಿನ ದಿನ ಸಂಜೆಯೆಲ್ಲ ಫೋನ್ ಮಾಡುತ್ತಾನೆ. ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸಿದರೆ ಸನ್ಮಾನದ ಶಾಲು ಅಂದೇ ಬರುತ್ತದೆ, ಸಂಭಾವನೆ ಯಾವಾಗ ಬರುತ್ತದೆ ಎಂಬುದು ಬೇರೆ ಮಾತು. ಇವೆರಡಕ್ಕಿಂತ ಲಾಭದ ಕೆಲಸ, ನಿಮ್ಮ ನಕ್ಷೆ ನೋಡಿ ಬರುವ ಬದಲಾವಣೆಯ ಕೋರಿಕೆ. ಅಣಬೆ ಬೆಳೆಯುವವರು ಬಂದು ಬೇರೆ ಮಿತಿ ಕೇಳುತ್ತಾರೆ, ಬೀಜ ದಾಸ್ತಾನು ಮಾಡುವವರು ದಿನದ ದಾಖಲೆ ಕೇಳುತ್ತಾರೆ. ಅದಕ್ಕೆ ವಸ್ತುವಿನ ಬೆಲೆಯಲ್ಲದೆ ವಿನ್ಯಾಸದ ಶುಲ್ಕವನ್ನು ಬೇರೆಯಾಗಿ ಹೇಳಿ, ಅರ್ಧ ಮುಂಗಡ ತೆಗೆದುಕೊಳ್ಳಿ. ಫೈಲು ಮುಕ್ತವಾಗಿರುತ್ತದೆ ಎಂದು ಮೊದಲೇ ತಿಳಿಸಿಬಿಡಿ. ಬಹುತೇಕರಿಗೆ ಆಕ್ಷೇಪ ಇರುವುದಿಲ್ಲ. ಅವರು ಅಣಬೆ ಮಾರುವವರು, ಮಾಪಕ ಮಾರುವವರಲ್ಲ.

ಹೆಸರು ಮತ್ತು ಕಾಗದಪತ್ರ

ಫೈಲು ಬಿಟ್ಟುಕೊಟ್ಟವರು ಹೆಸರನ್ನು ಬಿಟ್ಟುಕೊಡಬಾರದು. ವಸ್ತುವಿಗೆ ಇಡುವ ಹೆಸರನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಾಯಿಸಿ. ಅಳೆಯುವ ಉಪಕರಣಗಳು 9ನೇ ವರ್ಗಕ್ಕೆ ಬರುತ್ತವೆ. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಯ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಣಿ 10 ವರ್ಷ ಇರುತ್ತದೆ, ನವೀಕರಿಸಬಹುದು. "ಹುಳುಮನೆ ಮಾಪಕ" ಎಂಬಂಥ ಸಾಮಾನ್ಯ ಪದಕ್ಕೆ ನೋಂದಣಿ ಸಿಗುವುದು ಕಷ್ಟ, ಬೇರೆ ಯಾರೂ ಇಡದ ಹೆಸರು ಇಡಿ. ಫೈಲುಗಳ ಜೊತೆ ಒಂದು ಸಾಲು ಸೇರಿಸಿ: ವಿನ್ಯಾಸ ಬಳಸಿ, ಈ ಹೆಸರನ್ನೂ ಗುರುತನ್ನೂ ಬಳಸಬೇಡಿ.

ಸಣ್ಣ ಉದ್ದಿಮೆ ಎಂದು ದಾಖಲಾಗುವ ಉದ್ಯಮ್ ನೋಂದಣಿಗೆ ಸರ್ಕಾರದ ಪೋರ್ಟಲ್‌ನಲ್ಲಿ ಶುಲ್ಕವೇ ಇಲ್ಲ. ಸಾವಿರ ರೂಪಾಯಿ ಕೇಳುವ ಮಧ್ಯವರ್ತಿಗೆ ಕೊಡಬೇಡಿ. ಜಿಎಸ್‌ಟಿ ನೋಂದಣಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಕಡ್ಡಾಯವಲ್ಲ, ಸೇವೆಯೂ ಸೇರಿದರೆ ಮಿತಿ 20 ಲಕ್ಷ. ಆದರೆ ನಾವಿರುವುದು ಗಡಿಯಲ್ಲಿ. ಹಿಂದೂಪುರದಿಂದಲೋ ಮದನಪಲ್ಲಿಯಿಂದಲೋ ಒಬ್ಬ ರೈತ ಫೋನ್ ಮಾಡಿ ಕಳುಹಿಸಿಕೊಡಿ ಎಂದರೆ ಅದು ಅಂತರರಾಜ್ಯ ಮಾರಾಟ. ಸರಕಿಗೆ ಆಗ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಿಸಿದ ತಿಂಗಳು, ಗರಿಷ್ಠ ಮಾರಾಟ ಬೆಲೆ, ದೂರಿಗೆ ಫೋನ್ ಸಂಖ್ಯೆ ಮುದ್ರಿಸಿ.

ಪರವಾನಗಿಯಲ್ಲಿ "ಯಾವ ಖಾತರಿಯೂ ಇಲ್ಲ" ಎಂಬ ಸಾಲು ಇರುತ್ತದೆ. ಅದು ಫೈಲು ತೆಗೆದುಕೊಂಡವರಿಗೆ. ನೀವು ಮಾಡಿ ಮಾರಿದ ಪೆಟ್ಟಿಗೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವೇ ಹೊಣೆ. ಆದ್ದರಿಂದ ಒಂದು ವರ್ಷದ ವಾರಂಟಿಯನ್ನು ಸ್ಪಷ್ಟ ಕನ್ನಡದಲ್ಲಿ ಬರೆದುಕೊಡಿ, ಏನು ಸೇರಿದೆ ಏನು ಸೇರಿಲ್ಲ ಎಂಬುದೂ ಇರಲಿ. ಅಮೆರಿಕದ ಮುಕ್ತ ಹಾರ್ಡ್‌ವೇರ್ ಸಂಘವು 2016ರಿಂದ ಉಚಿತ ಪ್ರಮಾಣೀಕರಣ ಕೊಡುತ್ತಿದೆ. ಭಾರತದ ಸಂಕೇತವಿರುವ ಸಂಖ್ಯೆಯೂ ಸಿಗುತ್ತದೆ. ರೈತರಿಗೆ ಅದರಿಂದ ಏನೂ ಆಗಬೇಕಾಗಿಲ್ಲ, ಕಾಲೇಜುಗಳಿಗೆ ಮಾರುವಾಗ ಉಪಯೋಗಕ್ಕೆ ಬರುತ್ತದೆ.

ಮಾರಿದ ಮೇಲೆ

ಪ್ರತಿ ಬೆಳೆಗೆ ಮುಂಚೆ ಹುಳುಮನೆಯನ್ನು ಬ್ಲೀಚಿಂಗ್ ಪುಡಿಯಿಂದಲೋ ಫಾರ್ಮಲಿನ್‌ನಿಂದಲೋ ಸೋಂಕು ನಿವಾರಣೆ ಮಾಡುತ್ತಾರೆ. ಆ ಆವಿ ಸಂವೇದಕಕ್ಕೆ ವಿಷ. ಅಂಕಿ ಮೆಲ್ಲಗೆ ದಾರಿ ತಪ್ಪುತ್ತದೆ. ಜ್ವರದ ಸಮಯದಲ್ಲಿ ಎರಚುವ ಸುಣ್ಣದ ಪುಡಿ ಬೇರೆ. ಸಂವೇದಕವನ್ನು ಬಿಚ್ಚಿ ಹೊರಗಿಡಲು ಬರುವಂತೆ ಕನೆಕ್ಟರ್ ಹಾಕಬೇಕೆಂದು ಸೂಚಿಸಿ, ಬೋರ್ಡಿನ ಫೈಲನ್ನೂ ತಿದ್ದಿ ಕಳುಹಿಸಿದವರು ನನ್ನ ನಕ್ಷೆಯಿಂದ ತಾವೇ ಮಾಪಕ ಮಾಡಿಕೊಂಡಿದ್ದ ಒಬ್ಬ ರೈತರ ಮಗ. ನಕ್ಷೆ ಮುಚ್ಚಿಟ್ಟಿದ್ದರೆ ಆ ಸುಧಾರಣೆ ನನ್ನ ಅಂಗಡಿಗೆ ಬರುತ್ತಲೇ ಇರಲಿಲ್ಲ. ಅಂಥವರ ಹೆಸರನ್ನು ಬೋರ್ಡಿನ ಮೇಲೆ ಮುದ್ರಿಸಿ, ಅವರ ಒಪ್ಪಿಗೆ ಕೇಳಿ.

ಕನೆಕ್ಟರ್ ಬಂದ ಮೇಲೆ ಸಂವೇದಕವನ್ನಷ್ಟೇ ಬದಲಾಯಿಸಿಕೊಡುವುದು ಒಂದು ಸಣ್ಣ ಆದಾಯವಾಯಿತು. ವರ್ಷಕ್ಕೆ 500 ರೂಪಾಯಿ ಕಟ್ಟಿದವರಿಗೆ ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಉಪ್ಪಿನ ಪರೀಕ್ಷೆ ಮಾಡಿ, ಹೊಸ ಚೀಟಿ ಅಂಟಿಸಿಕೊಡುತ್ತೇನೆ. ಮೂರನೇ ಹಂತದಿಂದ ಗೂಡು ಕಟ್ಟುವವರೆಗೆ ರೈತನ ಕೈಯಲ್ಲಿ ಹುಳು ಇರುವುದೇ ಮೂರು ವಾರಕ್ಕಿಂತ ಕಡಿಮೆ. ನಡುವೆ ಮಾಪಕ ಕೆಟ್ಟರೆ ವಾರ ಬಿಟ್ಟು ಬನ್ನಿ ಎನ್ನುವಂತಿಲ್ಲ. ಹಾಗಾಗಿ ಪರೀಕ್ಷೆಯಾದ ಒಂದೆರಡು ಪೆಟ್ಟಿಗೆಗಳನ್ನು ಮಾರದೆ ಎತ್ತಿಡಿ. ಕೆಟ್ಟದ್ದನ್ನು ತೆಗೆದುಕೊಂಡು ಒಳ್ಳೆಯದನ್ನು ಕೈಗೆ ಕೊಟ್ಟು ಬನ್ನಿ, ರಿಪೇರಿ ಆಮೇಲೆ.

ಸಾಲದ ವಿಷಯ. ಗೂಡು ಮಾರಿದ ಮೇಲೆ ಕೊಡುತ್ತೇನೆ ಎನ್ನುವುದು ನಮ್ಮ ಕಡೆಯ ವಾಡಿಕೆ, ಅದು ಮೋಸದ ಮಾತಲ್ಲ. ಆದರೂ ಸಾಮಾನಿನ ದುಡ್ಡನ್ನು ಮುಂಗಡ ತೆಗೆದುಕೊಳ್ಳಿ, ಉಳಿದದ್ದನ್ನು ಗೂಡಿನ ಲೆಕ್ಕಕ್ಕೆ ಬಿಡಿ. ಗೂಡಿನ ಧಾರಣೆ ಬಿದ್ದ ತಿಂಗಳು ನಿಮ್ಮ ಮಾರಾಟವೂ ಬೀಳುತ್ತದೆ, ಆಗ ಬದಲಾವಣೆಯ ಕೆಲಸಗಳು ಕೈ ಹಿಡಿಯುತ್ತವೆ.

ನಕಲು ಬಂದರೆ ಮೊದಲು ಒಂದನ್ನು ಕೊಂಡು ಬಿಚ್ಚಿ ನೋಡಿ. ನಿಮ್ಮ ಹೆಸರು, ಗುರುತು ಹಾಕಿದ್ದಾರೆಯೇ? ಹಾಕಿದ್ದರೆ ವಕೀಲರಿಂದ ನೋಟಿಸ್ ಕಳುಹಿಸಿ, ಟ್ರೇಡ್‌ಮಾರ್ಕ್ ಮಾಡಿಸಿದ್ದು ಇದಕ್ಕೇ. ಹೆಸರು ಅವರದೇ, ಆದರೆ ಪರವಾನಗಿಯ ಒಕ್ಕಣೆ ತೆಗೆದಿದ್ದಾರೆಯೇ, ತಿದ್ದಿದ ಫೈಲು ಕೊಟ್ಟಿಲ್ಲವೇ? ಮೊದಲು ಫೋನ್ ಮಾಡಿ ಸಮಾಧಾನವಾಗಿ ಕೇಳಿ. ಎಷ್ಟೋ ಮಂದಿಗೆ ಅಂಥ ಷರತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಹೆಸರೂ ಅವರದು, ಒಕ್ಕಣೆಯೂ ಇದೆ, ಫೈಲೂ ಕೊಟ್ಟಿದ್ದಾರೆ ಎಂದರೆ ತಕರಾರಿಗೆ ಜಾಗವಿಲ್ಲ. ಅವರ ಫೈಲನ್ನು ತೆರೆದು ಏನು ತಿದ್ದಿದ್ದಾರೆ ನೋಡಿ, ಚೆನ್ನಾಗಿದ್ದರೆ ನಿಮ್ಮ ಮುಂದಿನ ಬೋರ್ಡಿಗೆ ಸೇರಿಸಿಕೊಳ್ಳಿ. ಅವರ ಗ್ರಾಹಕರು ಸಂವೇದಕ ಕೆಟ್ಟಿದೆ ಎಂದು ನಿಮ್ಮ ಅಂಗಡಿಗೆ ಬಂದರೆ ಬದಲಾಯಿಸಿಕೊಡಿ, ದುಡ್ಡು ತೆಗೆದುಕೊಳ್ಳಿ.

ಮೊದಲ ಸಲಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಬೋರ್ಡ್ ಮಾಡಿಸಬೇಡಿ. ಆ ಇಪ್ಪತ್ತೈದು ಮಾರಾಟವಾಗುವಷ್ಟರಲ್ಲಿ ಗ್ರಾಹಕರು ಕನಿಷ್ಠ ಎರಡು ಬದಲಾವಣೆ ಹೇಳಿರುತ್ತಾರೆ, ಒಂದಾದರೂ ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗದಂತಾಗಿರುತ್ತದೆ. ಪಟ್ಟಿಯಲ್ಲಿ ಪ್ರತಿ ಮುಖ್ಯ ಭಾಗದ ಎದುರು ಬದಲಿ ಭಾಗವನ್ನೂ ಬರೆದಿಟ್ಟುಕೊಂಡು ಎರಡನೇ ಕಂತಿಗೆ ಆರ್ಡರ್ ಕೊಡಿ.